ವಯಸ್ಕರ ಡೈಪರ್: ಬದಲಾಯಿಸುವ ಸಮಯ

ಮಲಮೂತ್ರಗಳನ್ನು ತಡೆದುಕೊಳ್ಳಲಾಗದ ವಯಸ್ಕರು ಧರಿಸುವ, ದ್ರವವನ್ನು ಹೀರಿಕೊಳ್ಳುವ ಒಳಉಡುಪನ್ನು ವಯಸ್ಕರ ಡೈಪರ್ ಎನ್ನುತ್ತಾರೆ. ಲಕ್ವಾ, ಮರೆಗುಳಿತನ, ಬೆನ್ನುಹುರಿಯ ಪೆಟ್ಟು ಮೊದಲಾದ ಕಾರಣಗಳಿಂದ ಹಾಸಿಗೆ ಹಿಡಿದವರಿಗೆ ಇದರ ಅಗತ್ಯ ಹೆಚ್ಚು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಮಡಚಿ ಹಾಸುವ ರೂಢಿಯೂ ಉಂಟು. ಬಟ್ಟೆ ತೊಯ್ದರೆ ಕೂಡಲೇ ಕೈಗೆ ಗೊತ್ತಾಗುತ್ತದೆ. ಆದರೆ ಡೈಪರಿನ ಒಳಗಿರುವ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ರಾಸಾಯನಿಕದ ಹರಳುಗಳು ಮೂತ್ರವನ್ನು ಹೀರಿ ಲೋಳೆಯಂತಾಗುವುದರಿಂದ ಮೇಲ್ಪದರ ಒಣಗಿದಂತೆ ಕಾಣುತ್ತದೆ. ಆದ್ದರಿಂದ ಆರೈಕೆ ಮಾಡುವವರು ಬದಲಾಯಿಸುವ ಹೊತ್ತನ್ನು ತಾವೇ ನೋಡಿ ತಿಳಿಯಬೇಕಾಗುತ್ತದೆ.

ಮಲ ವಿಸರ್ಜನೆಯಾಗಿದ್ದರೆ ತಡಮಾಡದೆ ಬದಲಾಯಿಸಬೇಕು. ಮೂತ್ರಕ್ಕೆ ಸಂಬಂಧಿಸಿದಂತೆ ಎರಡು-ಮೂರು ಗಂಟೆಗೊಮ್ಮೆ ನೋಡಿ, ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಯೊಳಗೆ ಬದಲಾಯಿಸುವುದು ಯೋಗ್ಯ. ಕೆಲವು ಡೈಪರುಗಳ ಹೊರಮೈಯಲ್ಲಿರುವ ಹಳದಿ ಗೆರೆ ಒದ್ದೆಯಾದಾಗ ನೀಲಿಗೆ ತಿರುಗುತ್ತದೆಯಾದರೂ ಅದು ಒದ್ದೆಯ ಸೂಚನೆಯೇ ಹೊರತು ತುಂಬಿದ್ದರ ಅಳತೆಯಲ್ಲ. ಮುಂಭಾಗವನ್ನು ಹೊರಗಿನಿಂದ ಅಂಗೈಯಲ್ಲಿ ಒತ್ತಿದಾಗ ಉಬ್ಬಿ ಗಂಟುಗಂಟಾಗಿ ಸಿಕ್ಕರೆ, ಅಥವಾ ಭಾರಕ್ಕೆ ಜೋತುಬಿದ್ದಿದ್ದರೆ ಬದಲಾಯಿಸಬೇಕು. ತೊಡೆಯ ಅಂಚಿನಲ್ಲಿ ತೇವ ಕಂಡರೆ ಆಗಲೇ ತಡವಾಗಿದೆ ಎಂದರ್ಥ.

ತಡವಾದಷ್ಟೂ ಅಪಾಯ ಹೆಚ್ಚು. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಾಗಳು ಅಮೋನಿಯವಾಗಿ ಒಡೆಯುವುದರಿಂದ ಚರ್ಮದ ಸಹಜ ಆಮ್ಲೀಯತೆ ಕಡಿಮೆಯಾಗುತ್ತದೆ. ಮಲದ ಕಿಣ್ವಗಳು ಸೇರಿದಾಗ ಚರ್ಮ ಕೆಂಪಾಗಿ ಸುಲಿಯುತ್ತದೆ. ಸೊಂಟದ ಹಿಂಬದಿಯ ಕೆಂಪು ಕಲೆ ಬೆರಳಿಂದ ಒತ್ತಿದರೂ ಬಿಳಿಚದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತವಾಗಿರಬಹುದು. ಪಾದರಸ 40 ಡಿಗ್ರಿ ಸೆಲ್ಸಿಯಸನ್ನು ಸಮೀಪಿಸುವ ಈ ಬಯಲುಸೀಮೆಯ ಬೇಸಿಗೆಯಲ್ಲಿ ಬೆವರೂ ಸೇರಿ ಚರ್ಮ ಬೇಗ ನೆನೆಯುವುದರಿಂದ ಇನ್ನಷ್ಟು ಬೇಗ ಪರಿಶೀಲಿಸಬೇಕು.

ಇಲ್ಲಿ ನಲ್ಲಿಯ ನೀರು ದಿನಗಳ ಅಂತರದಲ್ಲಿ ಬರುವುದರಿಂದಲೂ ಡೈಪರಿನ ಬೆಲೆ ಕೈಗೆಟುಕದಿರುವುದರಿಂದಲೂ ಕೆಲವು ಮನೆಗಳಲ್ಲಿ ಬದಲಾವಣೆಯನ್ನು ಮುಂದೂಡುವ ಸಂದರ್ಭ ಬರುತ್ತದೆ. ಆದರೆ ಒಂದು ಚೆಂಬು ಉಗುರುಬೆಚ್ಚಗಿನ ನೀರು, ಮೆತ್ತನೆಯ ಹತ್ತಿ ಬಟ್ಟೆ ಇದ್ದರೆ ಸ್ವಚ್ಛತೆಗೆ ಸಾಕು. ಮಹಿಳೆಯರಲ್ಲಿ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ತಟ್ಟಿ ಒಣಗಿಸಿ, ಝಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಲೇಪಿಸಬೇಕು.

ಹಲವು ಗಂಟೆಗಳ ಕಾಲ ಡೈಪರ್ ಒಣಗಿಯೇ ಇದ್ದರೆ ಅದೂ ಸಮಾಧಾನದ ಸಂಗತಿಯಲ್ಲ. ದೇಹದ ನೀರು ಬತ್ತಿರಬಹುದು ಅಥವಾ ಮೂತ್ರ ಕಟ್ಟಿರಬಹುದು. ಇಂಥ ಸ್ಥಿತಿಯಲ್ಲಿಯೂ ಜ್ವರ, ರಕ್ತ, ದುರ್ವಾಸನೆ, ಹಠಾತ್ ಗೊಂದಲಗಳು ಕಂಡಾಗಲೂ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಗದಗದ ಜಿಮ್ಸ್ ಆಸ್ಪತ್ರೆಗೋ ಕರೆದೊಯ್ಯಬೇಕು.

ಬಳಸಿದ ಡೈಪರನ್ನು ಗಟಾರಕ್ಕೆ ಎಸೆಯುವುದಾಗಲಿ ಸುಡುವುದಾಗಲಿ ಸಲ್ಲದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಭದ್ರವಾಗಿ ಸುತ್ತಿ ಒಣಕಸದ ಡಬ್ಬಿಗೆ ಹಾಕಬೇಕೆಂದು ವಿಧಿಸಿದವು. ಮಾತು ಕಳೆದುಕೊಂಡ ಹಿರಿಯರಿಗೆ ತಮ್ಮ ಇರುಸುಮುರುಸನ್ನು ಹೇಳಿಕೊಳ್ಳುವ ದಾರಿ ಇರುವುದಿಲ್ಲವಾದ್ದರಿಂದ, ಬದಲಾಯಿಸುವ ಹೊತ್ತನ್ನು ಗಡಿಯಾರವನ್ನಷ್ಟೇ ಅಲ್ಲದೆ ಅವರ ಚರ್ಮವನ್ನೂ ನೋಡಿ ನಿರ್ಧರಿಸುವುದೇ ಸರಿಯಾದ ಆರೈಕೆ.