ವ್ಯಾನಿನಲ್ಲಿ ಸೈಕಲ್ ಸಾಗಣೆ: ಕಟ್ಟುವುದೇ ಮುಖ್ಯ

ಕಲಬುರಗಿ: ನಗರದ ಶರಣಬಸವೇಶ್ವರ ದೇವಸ್ಥಾನದ ಪರಿಸರದಲ್ಲಿ ನೆಲೆಸಿ ವ್ಯಾಸಂಗ ಮಾಡುವವರು ಊರಿಗೆ ಮರಳುವಾಗ ಓಮ್ನಿ, ಈಕೊದಂತಹ ಚಿಕ್ಕ ವ್ಯಾನುಗಳಲ್ಲಿ ಸೈಕಲ್ ಒಯ್ಯುವುದುಂಟು. ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಹುಮನಾಬಾದ್ ರಸ್ತೆಯಲ್ಲಿ 35ರಿಂದ 40 ಕಿ.ಮೀ. ದಾರಿ. ದೂರ ಅಲ್ಪವೆಂದು ಸೈಕಲ್ಲನ್ನು ಕಟ್ಟದೆ ಒಯ್ಯುವುದು ಅಪಾಯಕಾರಿ.

ಸಾಧಾರಣ ಸೈಕಲ್ಲಿನ ತೂಕ ಸುಮಾರು 20 ಕಿ.ಗ್ರಾಂ. ಗಂಟೆಗೆ 50 ಕಿ.ಮೀ. ವೇಗದ ವ್ಯಾನು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆಗ ಮುನ್ನುಗ್ಗುವ ಸೈಕಲ್ಲನ್ನು ತಡೆಯಲು ಸುಮಾರು 280 ಕಿ.ಗ್ರಾಂ ಭಾರಕ್ಕೆ ಸಮನಾದ ಬಲ ಬೇಕು. ಪಕ್ಕದಲ್ಲಿ ಕುಳಿತವರು ಕೈಯಲ್ಲಿ ಹಿಡಿದು ತಡೆಯುವುದು ಅಸಾಧ್ಯ. ಆದ್ದರಿಂದ ಸೈಕಲ್ಲಿರುವ ಹಿಂಭಾಗದಲ್ಲಿ ಮಕ್ಕಳನ್ನಾಗಲೀ ದೊಡ್ಡವರನ್ನಾಗಲೀ ಕೂರಿಸಕೂಡದು.

ಸೈಕಲ್ ಸುಮಾರು ಆರು ಅಡಿ ಉದ್ದವಿರುತ್ತದೆ. ಬ್ರೇಕ್ ಸಡಿಲಿಸಿ ಮುಂದಿನ ಚಕ್ರ ಕಳಚಿದರೆ ಒಂದು ಅಡಿಗೂ ಹೆಚ್ಚು ಉಳಿತಾಯ. ಡಿಸ್ಕ್ ಬ್ರೇಕ್ ಇದ್ದಲ್ಲಿ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡು ಇಡಬೇಕು. ಹ್ಯಾಂಡಲ್ ಅಡ್ಡಬಂದರೆ ತಿರುಗಿಸಬಹುದು. ಪೆಡಲ್ ಬಿಚ್ಚುವಾಗ ಎಚ್ಚರ ಅಗತ್ಯ: ಬಲಗಡೆಯದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ, ಎಡಗಡೆಯದು ಮುಳ್ಳಿನ ದಿಕ್ಕಿಗೇ ತಿರುಗಿಸಿದರೆ ಸಡಿಲವಾಗುತ್ತದೆ.

ಜಾಗವಿದ್ದರೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸುವುದು ಉತ್ತಮ. ಮಲಗಿಸುವುದಾದರೆ ಚೈನ್ ಇರುವ ಬಲಬದಿ ಮೇಲಿರಲಿ. ಕೆಳಗೆ ಹಳೆಯ ಕಂಬಳಿ ಅಥವಾ ಗೋಣಿಚೀಲ ಹಾಸಬೇಕು. ಫ್ರೇಮಿನ ಎರಡು ಕಡೆ ಹಗ್ಗ ಬಿಗಿದು, ವ್ಯಾನಿನ ಗಟ್ಟಿ ಕೊಂಡಿಗಳಿಗೆ ಹಿಂದಕ್ಕೂ ಮುಂದಕ್ಕೂ, ಎಡಕ್ಕೂ ಬಲಕ್ಕೂ ಎಳೆದು ಕಟ್ಟಬೇಕು. ಸ್ಪೋಕ್, ಬ್ರೇಕ್ ತಂತಿಗಳಿಗೆ ಹಗ್ಗ ಸುತ್ತಬಾರದು. ಹಳೆಯ ಟ್ಯೂಬಿನ ಪಟ್ಟಿ ಅಲುಗಾಟ ತಡೆಯಲು ಸಾಕು. ಆದರೆ ಹಿಗ್ಗುವ ಕಾರಣ ಅದೊಂದನ್ನೇ ನೆಚ್ಚುವಂತಿಲ್ಲ. ಕಳಚಿದ ಚಕ್ರ, ಪಾನಾಗಳನ್ನೂ ಕಟ್ಟಿಡಬೇಕು.

ಹೋಳಿಯ ಬಳಿಕ ಜರುಗುವ ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಗಳು ಕಿಕ್ಕಿರಿಯುತ್ತವೆ. ಆಗ ಜನದಟ್ಟಣೆಯಿಂದ ದೂರ ನಿಂತು ಸೈಕಲ್ ಏರಿಸುವುದು ಲೇಸು. ಹೊರಟ ನಾಲ್ಕೈದು ಕಿ.ಮೀ. ಬಳಿಕ ವ್ಯಾನು ನಿಲ್ಲಿಸಿ ಹಗ್ಗದ ಬಿಗಿ ಪರೀಕ್ಷಿಸಬೇಕು. ಹಿಂಬಾಗಿಲು ಮುಚ್ಚದಿದ್ದರೆ ಅದನ್ನು ತೆರೆದೇ ಓಡಿಸದೆ, ದೊಡ್ಡ ವಾಹನ ಗೊತ್ತುಮಾಡಿಕೊಳ್ಳುವುದೇ ಸರಿಯಾದ ಕ್ರಮ.

ಊರು ತಲುಪಿ ಚಕ್ರ ಜೋಡಿಸಿದ ಮೇಲೆ ನಟ್ಟು, ಹ್ಯಾಂಡಲ್, ಬ್ರೇಕುಗಳನ್ನು ಪರೀಕ್ಷಿಸಿದ ನಂತರವೇ ಸವಾರಿ ಮಾಡಬೇಕು.