ಟೇಪು ಹಿಡಿದು ನಾಯಿ ಅಳೆದ ಕಾನೂನು

2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಪತ್ರ ಕಳಿಸಿತು. ಪಿಟ್‌ಬುಲ್, ರಾಟ್‌ವೈಲರ್, ಕೇನ್ ಕೊರ್ಸೊ, ಕಕೇಷಿಯನ್ ಶೆಫರ್ಡ್ ಮೊದಲಾದ 23 ತಳಿಗಳ ನಾಯಿಗಳನ್ನು ಮಾರಲು, ಸಾಕಲು ಪರವಾನಗಿ ಕೊಡಬಾರದು, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಮಾಡಿಸಬೇಕು ಎಂಬುದು ಅದರ ಸಾರ. ಪಟ್ಟಿಯನ್ನು ನಿಧಾನವಾಗಿ ಓದಿದರೆ ಅಲ್ಲಲ್ಲಿ ಮುಗ್ಗರಿಸಬೇಕಾಗುತ್ತದೆ. ‘ಟೋಸಾ ಇನು’ ಒಂದು ಕಡೆ ಇದೆ, ‘ಜಪಾನಿ ಟೋಸಾ’ ಇನ್ನೊಂದು ಕಡೆ. ಎರಡೂ ಒಂದೇ ನಾಯಿ. ‘ಟೆರಿಯರ್‌ಗಳು’ ಎಂದು ಒಂದೇ ಮಾತಿನಲ್ಲಿ ಬರೆದು ಬಿಟ್ಟಿದ್ದಾರೆ; ಆ ಹೆಸರಿನಲ್ಲಿ ಮಡಿಲಿನಲ್ಲಿ ಮಲಗುವ ಯಾರ್ಕ್‌ಷೈರ್ ಟೆರಿಯರ್ ಕೂಡ ಬಂದುಬಿಡುತ್ತದೆ. ಕೊನೆಯಲ್ಲಿ, ಬ್ಯಾನ್‌ಡಾಗ್ ಎಂದು ಕರೆಯಲಾಗುವ ‘ಬಗೆಯ’ ಎಲ್ಲ ನಾಯಿಗಳೂ ಸೇರಿವೆ.

ಕರ್ನಾಟಕ ಹೈಕೋರ್ಟ್ ಒಂದು ವಾರದೊಳಗೆ ಇದಕ್ಕೆ ತಡೆ ಕೊಟ್ಟಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಸುತ್ತೋಲೆಯನ್ನೇ ರದ್ದು ಮಾಡಿತು. ಸಂಬಂಧಪಟ್ಟವರ ಮಾತನ್ನು ಕೇಳದೆ ಹೊರಡಿಸಿದ್ದು ಸರಿಯಲ್ಲ, ಬೇಕಾದರೆ ಎಲ್ಲರನ್ನೂ ಕೇಳಿ ಹೊಸದಾಗಿ ಹೊರಡಿಸಬಹುದು ಎಂದಿತು. ತಪ್ಪು ತಳಿಯದೋ ಸಾಕಿದವರದೋ ಎಂಬ ಮೂಲ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಅದು ಇಂದಿಗೂ ಬಗೆಹರಿದಿಲ್ಲ. ಅದಕ್ಕೆ ಕಾರಣವೂ ಇದೆ. 2022ರ ಜುಲೈನಲ್ಲಿ ಲಖನೌದಲ್ಲಿ ಮನೆಯದೇ ಪಿಟ್‌ಬುಲ್ ಮನೆಯ ಹಿರಿಯ ಹೆಂಗಸನ್ನು ಕಚ್ಚಿ ಕೊಂದಿತ್ತು. ಲಿಫ್ಟಿನಲ್ಲಿ ಮಗುವಿನ ಕೈ ಹಿಡಿದು ನಿಂತ ತಾಯಿಗೆ ಪಕ್ಕದ ಫ್ಲ್ಯಾಟಿನ ನಾಯಿಯನ್ನು ಕಂಡರೆ ಭಯವಾಗುವುದು ಸಹಜ. ಅದಕ್ಕೆ ವಂಶಾವಳಿಯ ಪಾಠ ಉತ್ತರವಲ್ಲ.

ಆದರೆ ಆ ‘ಬಗೆಯ ನಾಯಿ’ ಎಂಬ ಮಾತು ದೆಹಲಿಯಲ್ಲಿ ಹುಟ್ಟಿದ್ದಲ್ಲ. 1991ರ ಬ್ರಿಟನ್ನಿನ ಅಪಾಯಕಾರಿ ನಾಯಿಗಳ ಕಾಯ್ದೆಯಲ್ಲಿ ಅದೇ ಮಾತಿದೆ. ಆ ಕಾಯ್ದೆ ಹೆಸರಿಸಿದ ನಾಲ್ಕೂ ನಾಯಿಗಳು ನಮ್ಮ 23ರಲ್ಲಿವೆ. ತಳಿಪಟ್ಟಿಯ ಕಥೆ ತಿಳಿಯಬೇಕಾದರೆ ಅಲ್ಲಿಗೇ ಹೋಗಬೇಕು, ಅದಕ್ಕೂ ಹಿಂದಕ್ಕೆ ಹೋದರೆ ಇನ್ನೂ ಒಳ್ಳೆಯದು.

ಇಂಗ್ಲೆಂಡಿನಲ್ಲಿ ಗೂಟಕ್ಕೆ ಕಟ್ಟಿದ ಹೋರಿಯ ಮೇಲೆ ನಾಯಿ ಬಿಡುವುದು ಶತಮಾನಗಳ ಕಾಲ ನಡೆದ ಜಾತ್ರೆಯಾಟ. ಹೀಗೆ ಕಾಡಿಸಿ ಕಡಿದರೆ ಮಾಂಸ ಮೆತ್ತಗಾಗುತ್ತದೆ ಎಂಬ ನಂಬಿಕೆಯೂ ಇತ್ತು. ಹೋರಿಯ ಮೂತಿಗೆ ಬಾಯಿ ಹಾಕಿದರೆ ಬಿಡದ ನಾಯಿಗೆ ಬೆಲೆ. 1835ರಲ್ಲಿ ಸಂಸತ್ತು ಪ್ರಾಣಿಹಿಂಸೆಯ ವಿರುದ್ಧ ಕಾನೂನು ತಂದು ಇದನ್ನು ನಿಲ್ಲಿಸಿತು. ಬಯಲಿನ ಆಟ ನಿಂತಿತು, ಆಸೆ ನಿಲ್ಲಲಿಲ್ಲ. ಹೋರಿಯನ್ನು ಬಚ್ಚಿಡಲಾಗದು, ಎರಡು ನಾಯಿಗಳನ್ನು ಹೆಂಡದಂಗಡಿಯ ನೆಲಮಾಳಿಗೆಯಲ್ಲಿ ಸುಲಭವಾಗಿ ಬಚ್ಚಿಡಬಹುದು. ಬುಲ್‌ಡಾಗಿನ ಹಿಡಿತಕ್ಕೆ ಟೆರಿಯರಿನ ಚುರುಕು ಬೆರೆಸಿದರು. ಸ್ಟಾಫರ್ಡ್‌ಷೈರಿನ ಗಣಿ ಮತ್ತು ಕಬ್ಬಿಣದ ಕುಲುಮೆಗಳ ಕೆಲಸಗಾರರ ನಡುವೆ ಈ ಮಿಶ್ರ ನಾಯಿ ಬೆಳೆಯಿತು, ವಲಸೆ ಹೊರಟವರ ಜೊತೆ ಅಮೆರಿಕಕ್ಕೂ ಹಡಗು ಹತ್ತಿತು.

ಮುಂದಿನದು ಹೆಸರಿಡುವ ಕಥೆ. 1898ರಲ್ಲಿ ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ ಇದನ್ನು ‘ಪಿಟ್ ಬುಲ್ ಟೆರಿಯರ್’ ಎಂದು ದಾಖಲಿಸಿತು. 1935ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ತನ್ನ ಊರಿನಲ್ಲಿ ಉಳಿದ ದಾಯಾದಿಯನ್ನು ‘ಸ್ಟಾಫರ್ಡ್‌ಷೈರ್ ಬುಲ್ ಟೆರಿಯರ್’ ಎಂದು ಒಪ್ಪಿಕೊಂಡಿತು. ಮರುವರ್ಷ ಅಮೆರಿಕನ್ ಕೆನಲ್ ಕ್ಲಬ್ ‘ಪಿಟ್’ ಎಂಬ ಕಾಳಗದ ಕಣದ ನೆನಪನ್ನು ಬಿಟ್ಟು ‘ಸ್ಟಾಫರ್ಡ್‌ಷೈರ್ ಟೆರಿಯರ್’ ಎಂದಿತು. ಒಂದೇ ನಾಯಿ ಎರಡು ಸಂಘಗಳಲ್ಲಿ ಎರಡು ಹೆಸರಿನಿಂದ ನೋಂದಣಿಯಾಗಬಹುದಿತ್ತು, ಆಗಿದ್ದೂ ಉಂಟು. ತಳಿ ಎಂದರೆ ಹುಲಿ, ಚಿರತೆಗಳ ಹಾಗೆ ನಿಸರ್ಗ ಹಾಕಿದ ಗೆರೆಯಲ್ಲ. ಯಾವುದನ್ನು ಯಾವುದರ ಜೊತೆ ಕೂಡಿಸಬೇಕು, ಯಾವ ಮರಿ ಉಳಿಯಬೇಕು ಎಂದು ತಲೆಮಾರುಗಟ್ಟಲೆ ತೀರ್ಮಾನಿಸಿದ ಸಾಕುದಾರರೇ ಅದನ್ನು ಮಾಡಿದವರು. ‘ತಳಿಯೋ ಸಾಕಿದವನೋ’ ಎಂದು ಕೇಳುವಾಗ ತಳಿಯೂ ಸಾಕಿದವರ ಕೈಕೆಲಸವೇ ಎಂಬುದು ಮರೆತುಹೋಗುತ್ತದೆ. ಕನ್ನಡದಲ್ಲಿ ಇಂಥವನ್ನು ‘ಜಾತಿನಾಯಿ’ ಎನ್ನುತ್ತೇವೆ. ಆ ಮಾತಿನ ಪೂರ್ತಿ ಭಾರ 1991ರ ಲಂಡನ್ನಿಗೂ ಹೊಂದುತ್ತದೆ.

ಆ ವರ್ಷದ ಮೇ ತಿಂಗಳಲ್ಲಿ ಬ್ರಾಡ್‌ಫರ್ಡಿನಲ್ಲಿ ಆರು ವರ್ಷದ ಹುಡುಗಿಯ ಮೇಲೆ ಪಿಟ್‌ಬುಲ್ ಎರಗಿ ತೀವ್ರವಾಗಿ ಗಾಯಗೊಳಿಸಿತು. ಪತ್ರಿಕೆಗಳು ಹೊತ್ತಿ ಉರಿದವು. ಗೃಹಸಚಿವ ಕೆನೆತ್ ಬೇಕರ್ ತಂದ ಮಸೂದೆ ಕೆಳಮನೆಯಲ್ಲಿ ಒಂದೇ ದಿನದಲ್ಲಿ ಎಲ್ಲ ಹಂತಗಳನ್ನೂ ದಾಟಿತು. ಆಗಸ್ಟ್ 12ರಿಂದ ಕಾಯ್ದೆ ಜಾರಿ. ಪಿಟ್‌ಬುಲ್, ಟೋಸಾ, ಡೋಗೋ ಅರ್ಜೆಂಟೀನೊ, ಫೀಲಾ ಬ್ರೆಸಿಲೈರೊ ಎಂಬ ನಾಲ್ಕು ಬಗೆಗಳಿಗೆ ನಿಷೇಧ. ಪಿಟ್‌ಬುಲ್ ಒಂದನ್ನು ಬಿಟ್ಟರೆ ಉಳಿದ ಮೂರು ಆ ದೇಶದಲ್ಲಿ ಇದ್ದದ್ದೇ ವಿರಳ. ಆದರೆ ಎರಡೇ ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಒಬ್ಬ ಹುಡುಗಿಯನ್ನು ಕೊಂದಿದ್ದ ರಾಟ್‌ವೈಲರ್ ಪಟ್ಟಿಯಲ್ಲಿಲ್ಲ. ಏಕೆಂದು ಬೇಕರ್ ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ರಾಟ್‌ವೈಲರ್, ಡಾಬರ್‌ಮನ್, ಅಲ್ಸೇಷಿಯನ್‌ಗಳಿಗೆ ಕೈ ಹಾಕಿದ್ದರೆ ಅನುಕೂಲಸ್ಥ ಗ್ರಾಮೀಣ ಮತದಾರರು ಕೆರಳುತ್ತಿದ್ದರು. ಪಿಟ್‌ಬುಲ್ ಸಾಕುತ್ತಿದ್ದವರು ಅಂಥವರಲ್ಲ, ನಗರಗಳ ಬಡ ಬಡಾವಣೆಗಳ ಹುಡುಗರು. ಕಾನೂನು ನೋಡಿದ್ದು ನಾಯಿಯ ಜಾತಿಯನ್ನೋ, ಅದನ್ನು ಹಿಡಿದವನ ಜಾತಿಯನ್ನೋ?

ಸಾಕುದಾರನ ಹೊಣೆಯನ್ನು ಅದೇ ಸರ್ಕಾರ ಸಡಿಲಿಸುತ್ತ ಬಂದಿತ್ತು ಎಂಬುದು ಇನ್ನೊಂದು ವಿಚಿತ್ರ. 37 ಪೆನ್ಸ್ ಕೊಟ್ಟು ಪಡೆಯಬೇಕಿದ್ದ ನಾಯಿ ಪರವಾನಗಿಯನ್ನು 1980ರ ದಶಕದ ಕೊನೆಯಲ್ಲಿ ರದ್ದು ಮಾಡಲಾಯಿತು. ಎಲ್ಲ ನಾಯಿಗಳಿಗೂ ನೋಂದಣಿ ಇರಲಿ ಎಂಬ ಪ್ರಸ್ತಾಪ 1990ರಲ್ಲಿ ಸಂಸತ್ತಿನಲ್ಲಿ ಕೂದಲೆಳೆಯಲ್ಲಿ ಸೋತಿತು. ನಿರ್ದಿಷ್ಟ ನಾಯಿಯೊಂದು ಅಪಾಯಕಾರಿ ಎಂದು ಕಂಡರೆ ಅದನ್ನು ಹದ್ದುಬಸ್ತಿನಲ್ಲಿಡಲು ಆದೇಶಿಸುವ 1871ರ ಕಾಯ್ದೆ ಇದ್ದೇ ಇತ್ತು. ಅದರಲ್ಲಿ ತಳಿಯ ಪ್ರಸ್ತಾಪವೇ ಇಲ್ಲ.

ಪಿಟ್‌ಬುಲ್‌ಗೆ ಬ್ರಿಟನ್ನಿನಲ್ಲಿ ಅಧಿಕೃತ ವಂಶಪತ್ರ ಇರಲಿಲ್ಲ. ಹಾಗಾದರೆ ಗುರುತಿಸುವುದು ಹೇಗೆ? 1993ರಲ್ಲಿ ನ್ಯಾಯಾಲಯ ‘ಬಗೆ’ ಎಂದರೆ ತಳಿಗಿಂತ ಅಗಲವಾದ ಅರ್ಥ ಎಂದಿತು. ಅಮೆರಿಕದ ಸಾಕುದಾರರ ಸಂಘವೊಂದು 1977ರಲ್ಲಿ ಪ್ರಕಟಿಸಿದ್ದ ಅಂಗಲಕ್ಷಣಗಳನ್ನು ಅಳತೆಗೋಲು ಮಾಡಿಕೊಂಡರು. ತಂದೆ ತಾಯಿ ಯಾರಾದರೂ ಆಗಿರಲಿ, ತಲೆಯ ಅಗಲ, ಎದೆ, ಕಾಲು, ಬಾಲ ಹೊಂದಿಕೆಯಾದರೆ ಅದು ಪಿಟ್‌ಬುಲ್. ಲ್ಯಾಬ್ರಡಾರ್ ತಾಯಿಗೆ ಹುಟ್ಟಿದ ಮರಿಯೂ ಸಿಕ್ಕಿಬೀಳಬಹುದು. ಪೊಲೀಸರು ಟೇಪು ಹಿಡಿದು ಅಳೆಯತೊಡಗಿದರು. ಡೆಂಪ್ಸಿ ಎಂಬ ಹೆಣ್ಣುನಾಯಿ ಯಾರನ್ನೂ ಕಚ್ಚಿರಲಿಲ್ಲ. 1992ರಲ್ಲಿ ಲಂಡನ್ನಿನ ರಸ್ತೆಯಲ್ಲಿ ಅದು ವಾಂತಿ ಮಾಡಿಕೊಳ್ಳಲು ಒದ್ದಾಡಿದಾಗ ಜೊತೆಗಿದ್ದವರು ಬಾಯಿಕುಕ್ಕೆ ಬಿಚ್ಚಿದರು, ಪೊಲೀಸರು ಕಂಡರು. ಮರಣದಂಡನೆಯಾಯಿತು. ಮೂರು ವರ್ಷ ಕೋರ್ಟು ಅಲೆದ ಮೇಲೆ ತಾಂತ್ರಿಕ ಕಾರಣದಿಂದ ಅದು ಬದುಕಿ ಮನೆಗೆ ಮರಳಿತು. 1997ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕೊಲ್ಲಲೇಬೇಕೆಂಬ ಕಡ್ಡಾಯವನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟರು. ಇಷ್ಟಾದರೂ ಇಂಗ್ಲೆಂಡಿನಲ್ಲಿ ನಾಯಿ ಕಚ್ಚಿ ಆಸ್ಪತ್ರೆ ಸೇರುವ ವಯಸ್ಕರ ಪ್ರಮಾಣ 1998ರಿಂದ 2018ರೊಳಗೆ ದುಪ್ಪಟ್ಟಿಗಿಂತ ಹೆಚ್ಚಾಯಿತು.

ಹಾಗೆಂದು ಎಲ್ಲ ತಪ್ಪೂ ಮಾಲೀಕರದೇ, ರಕ್ತದಲ್ಲಿ ಏನೂ ಇಲ್ಲ ಎನ್ನುವ ವಾದವೂ ನಿಲ್ಲುವುದಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯೂ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯೂ ನಮ್ಮಲ್ಲಿವೆ. ಎರಡಕ್ಕೂ ಪುರಾವೆ ಸಿಕ್ಕಿದ್ದು ಅಮೆರಿಕದ ಬಾರ್ ಹಾರ್ಬರಿನ ಒಂದೇ ಪ್ರಯೋಗಾಲಯದಲ್ಲಿ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಒಂದೇ ರೀತಿಯಲ್ಲಿ ಬೆಳೆಸಿ ನೋಡಿ, 1965ರಲ್ಲಿ ಪುಸ್ತಕ ಬರೆದರು. ಬೀಗಲ್, ಕಾಕರ್ ಮರಿಗಳು ಒಟ್ಟಿಗೆ ಬೆಳೆದವು. ಫಾಕ್ಸ್ ಟೆರಿಯರ್ ಮರಿಗಳು ಮಾತ್ರ ಒಂದರ ಮೇಲೆ ಉಳಿದವೆಲ್ಲ ಗುಂಪುಗೂಡಿ ಬೀಳುತ್ತಿದ್ದವು, ಎರಡು ಮೂರರಂತೆ ಬೇರೆ ಮಾಡಿ ಇಡಬೇಕಾಯಿತು. ಸಾಕಿದವರು ಅವರೇ, ಅನ್ನವೂ ಅದೇ. ಫಾಕ್ಸ್ ಟೆರಿಯರ್ ಬ್ರಿಟನ್ನಿನ ನಾಲ್ಕರ ಪಟ್ಟಿಯಲ್ಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಿ ಹೇಳಬೇಕು.

ಅದೇ ಸಂಸ್ಥೆಯ ಇನ್ನೊಂದು ತಂಡ ಕಾಕರ್ ಮತ್ತು ಬೀಗಲ್ ಮರಿಗಳನ್ನು ಎತ್ತರದ ಬೇಲಿ ಹಾಕಿದ ಹೊಲದಲ್ಲಿ, ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ ನೋಡಿತು. ಹದಿನಾಲ್ಕು ವಾರ ಮನುಷ್ಯರನ್ನೇ ಕಾಣದೆ ಬೆಳೆದವು ಹೆಚ್ಚುಕಡಿಮೆ ಕಾಡುಪ್ರಾಣಿಗಳಾಗಿದ್ದವು. ಸೋಫಾದ ಮೇಲೆ ಮಲಗುವ ಸೌಮ್ಯ ತಳಿ ಎಂಬ ಹೆಸರು ಅವುಗಳ ನೆರವಿಗೆ ಬರಲಿಲ್ಲ. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಕಂಡದ್ದು, ಮುಟ್ಟಿಸಿಕೊಂಡದ್ದು ಅದರ ಜೀವಮಾನದ ಬಂಡವಾಳ ಎಂಬ ತಿಳಿವಳಿಕೆ ಬಂದದ್ದು ಇಂಥ ಕೆಲಸದಿಂದ. ಭಾರತದ 2017ರ ನಾಯಿ ಸಂವರ್ಧನೆ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಮರಿ ಹಾಕಿಸುವವರು ನೋಂದಾಯಿಸಿಕೊಳ್ಳಬೇಕು ಎನ್ನುತ್ತವೆ. ಆ ನಿಯಮಗಳ ಸುದ್ದಿ ಎತ್ತುವವರು ಕಡಿಮೆ. ಪಂಜರದಲ್ಲಿ ಬೆಳೆದ ಮರಿ, ಬಾಲ್ಕನಿಯ ಸರಪಳಿ, ಕುರಿಮಂದೆ ಕಾಯಲೆಂದು ಚಳಿಬೆಟ್ಟಗಳಲ್ಲಿ ರೂಪಿಸಿದ ನಾಯಿಯನ್ನು ಅಂತಸ್ತಿಗಾಗಿ ಎರಡು ಕೋಣೆಯ ಫ್ಲ್ಯಾಟಿಗೆ ತರುವುದು: ಪಟ್ಟಿಯಲ್ಲಿ ಇವುಗಳಿಗೆ ಜಾಗವಿಲ್ಲ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ವಿವರ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಓದಿತು. ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಶೇಕಡಾ. ಅದನ್ನು ಸೊನ್ನೆ ಎಂದು ಓದಬಾರದು. ಆ ಅಧ್ಯಯನ ಅಳೆದದ್ದು ಸ್ವಭಾವವನ್ನು, ದವಡೆಯ ಬಲವನ್ನಲ್ಲ. ಪಮೇರಿಯನ್ ಕಚ್ಚಿದರೆ ಬ್ಯಾಂಡೇಜು, ಐವತ್ತು ಕಿಲೋ ನಾಯಿ ಕಚ್ಚಿದರೆ ಆಂಬುಲೆನ್ಸು. ‘ನಮ್ಮ ನಾಯಿ ಏನೂ ಮಾಡಲ್ಲ’ ಎನ್ನುವವರು ಈ ಲೆಕ್ಕವನ್ನು ಬಿಟ್ಟೇ ಮಾತಾಡುತ್ತಾರೆ.

ಹೆಸರನ್ನು ನಿಷೇಧಿಸಿದರೆ ಸಾಕುದಾರರು ಏನು ಮಾಡುತ್ತಾರೆ ಎಂಬುದು 2020ರ ಹೊತ್ತಿಗೆ ಬ್ರಿಟನ್ನಿಗೆ ತಿಳಿಯಿತು. ಅಮೆರಿಕದಲ್ಲಿ ಪಿಟ್‌ಬುಲ್ ವಂಶಕ್ಕೆ ಬೇರೆ ರಕ್ತ ಬೆರೆಸಿ ‘ಅಮೆರಿಕನ್ ಬುಲ್ಲಿ’ ಎಂಬ ಹೊಸ ತಳಿಯನ್ನು ಕಟ್ಟಿದ್ದರು. ಅದರ ಅತಿ ದೊಡ್ಡ ಬಗೆ ‘ಎಕ್ಸ್‌ಎಲ್ ಬುಲ್ಲಿ’. ಪಿಟ್‌ಬುಲ್‌ಗೆ ಹೇಳಿದ ಅಳತೆಗಿಂತ ಇದು ಬಹಳ ದಪ್ಪ, ಹಾಗಾಗಿ 1991ರ ಟೇಪಿಗೆ ಸಿಗಲಿಲ್ಲ. ಕೋವಿಡ್ ಕಾಲದಲ್ಲಿ ಮರಿಗಳ ವ್ಯಾಪಾರ ಏರಿತು, ಸಾವುಗಳಾದವು. 2023ರ ಸೆಪ್ಟೆಂಬರಿನಲ್ಲಿ ಪ್ರಧಾನಿ ರಿಷಿ ಸುನಕ್ ನಿಷೇಧ ಘೋಷಿಸಿದರು. ಸರ್ಕಾರ ಮತ್ತೆ ಟೇಪು ಹಿಡಿಯಿತು: ಗಂಡಾದರೆ ಭುಜದವರೆಗೆ 20 ಇಂಚು, ಹೆಣ್ಣಾದರೆ 19, ಅಲ್ಲಿಂದ ಮೇಲೆ ಅಪಾಯಕಾರಿ. 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದನ್ನು ಸಾಕುವಂತಿಲ್ಲ. ವಿನಾಯಿತಿ ಪಡೆದವು 50 ಸಾವಿರಕ್ಕೂ ಹೆಚ್ಚು.

ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿದಿತ್ತು. ಅಲ್ಲಿನ 2010ರ ಕಾಯ್ದೆ ತಳಿ ನೋಡದೆ ನಾಯಿಯ ನಡತೆ ನೋಡುತ್ತದೆ. ನಾಯಿ ಹದ್ದುಮೀರಿದ್ದು ಕಂಡರೆ ಸ್ಥಳೀಯ ಆಡಳಿತದ ಅಧಿಕಾರಿ ಮಾಲೀಕನಿಗೆ ನೋಟಿಸ್ ಕೊಟ್ಟು, ಬಾಯಿಕುಕ್ಕೆ ಹಾಕಬೇಕು, ಹಗ್ಗ ಬಿಡಬಾರದು, ತರಬೇತಿಗೆ ಒಯ್ಯಬೇಕು ಎಂದು ಕಟ್ಟಳೆ ವಿಧಿಸಬಹುದು. ಯಾರಾದರೂ ಸಾಯುವವರೆಗೆ ಕಾಯಬೇಕಿಲ್ಲ. 2023ರ ಕೊನೆಗೆ ಇಂಗ್ಲೆಂಡಿನಲ್ಲಿ ಮಾರಲಾಗದ ಎಕ್ಸ್‌ಎಲ್ ಬುಲ್ಲಿಗಳು ಗಡಿ ದಾಟಿ ಉತ್ತರಕ್ಕೆ ಬರತೊಡಗಿದವು. ಮೊದಲು ನಮಗಿದು ಬೇಡ ಎಂದಿದ್ದ ಸ್ಕಾಟ್ಲೆಂಡಿನ ಸರ್ಕಾರ 2024ರ ಜನವರಿಯಲ್ಲಿ ಮನಸ್ಸು ಬದಲಿಸಿ ಅದೇ ನಿಷೇಧವನ್ನು ತಾನೂ ತಂದಿತು. ನಮ್ಮ 23 ತಳಿಗಳ ಪಟ್ಟಿ ಹೊರಟದ್ದು ಅದಾಗಿ ಎರಡು ತಿಂಗಳಿಗೆ.