ಮೃಗಾಲಯದಲ್ಲಿ ಓಡಿದ ನಾಳಿನ ರೈಲು

ಆನೆ, ಹುಲಿ, ಜಿರಾಫೆಗಳನ್ನು ನೋಡಲು ಜನ ಮೃಗಾಲಯಕ್ಕೆ ಹೋಗುತ್ತಾರೆ. ಆದರೆ ನಗರದಲ್ಲಿ ಮುಂದೆ ಓಡಬೇಕಾದ ರೈಲು ಹೇಗಿದ್ದೀತು ಎಂದು ತಿಳಿಯಲೂ ಒಂದು ಕಾಲದಲ್ಲಿ ಜಪಾನಿನ ಜನ ಮೃಗಾಲಯಕ್ಕೇ ಹೋಗಬೇಕಾಗಿತ್ತು. ಕೆನಡಾದ ಟೊರಾಂಟೊ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚಕ್ರದ ನೆರವಿಲ್ಲದೆ, ಅಯಸ್ಕಾಂತದ ಬಲದಿಂದಲೇ ತೇಲಿ ಸಾಗುವ ಮ್ಯಾಗ್ಲೆವ್ ಗಾಡಿಯನ್ನು ತನ್ನ ಮೃಗಾಲಯದಲ್ಲಿ ಓಡಿಸುವ ಯೋಜನೆಯನ್ನು ಅದು ಕೈಗೆತ್ತಿಕೊಂಡಿತ್ತು.

ಇವುಗಳಲ್ಲಿ ಎಷ್ಟು ಪ್ರಯೋಗಗಳು ಊರಿನ ಬೀದಿಗೆ ಬಂದವು, ಎಷ್ಟು ಮೃಗಾಲಯದ ಬೇಲಿಯೊಳಗೇ ಮುಗಿದವು? ಈ ಪ್ರಶ್ನೆ ನಮಗೂ ಸಂಬಂಧಿಸಿದ್ದೇ. ಲಘು ರೈಲು, ಮೊನೊ ರೈಲು, ಪಾಡ್ ಟ್ಯಾಕ್ಸಿ, ಹೈಪರ್‌ಲೂಪ್ ಎಂದು ಮೂರು ದಶಕಗಳಿಂದ ಬೆಂಗಳೂರಿಗೆ ಹೊಸ ಹೊಸ ವಾಹನಗಳ ಪ್ರಸ್ತಾಪ ಬರುತ್ತಲೇ ಇದೆ. ತೊಂಡೇಬಾವಿ, ಗೌರಿಬಿದನೂರುಗಳಲ್ಲಿ ಬೆಳಗಿನ ರೈಲು ಹತ್ತಿ ರಾಜಧಾನಿಗೆ ದುಡಿಯಲು ಹೋಗುವವರು ಯಲಹಂಕದಲ್ಲೋ ಯಶವಂತಪುರದಲ್ಲೋ ಇಳಿದ ಮೇಲೆ ಏನನ್ನು ಹತ್ತಬೇಕು ಎಂಬುದನ್ನು ತೀರ್ಮಾನಿಸುವುದು ಇಂಥ ಪ್ರಸ್ತಾಪಗಳ ಹಣೆಬರಹವೇ.

ತೇಲುವುದು ಹೇಗೆ?

ಎರಡು ಅಯಸ್ಕಾಂತಗಳ ಭಿನ್ನ ಧ್ರುವಗಳು ಆಕರ್ಷಿಸುತ್ತವೆ, ಸಮಾನ ಧ್ರುವಗಳು ವಿಕರ್ಷಿಸುತ್ತವೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ಮ್ಯಾಗ್ಲೆವ್‌ನ ಬುಡ ಇಲ್ಲಿದೆ. ಒಂದು ವಿಧಾನದಲ್ಲಿ ಗಾಡಿಯ ಕೈಗಳು ಹಳಿಯನ್ನು ಕೆಳಗಿನಿಂದ ಬಳಸಿರುತ್ತವೆ. ಅವುಗಳಲ್ಲಿರುವ ವಿದ್ಯುತ್ ಅಯಸ್ಕಾಂತಗಳು ಮೇಲಿನ ಉಕ್ಕಿನ ಹಳಿಯತ್ತ ಎಳೆಯಲ್ಪಟ್ಟಾಗ ಗಾಡಿ ಮೇಲೇಳುತ್ತದೆ. ಹಳಿಗೂ ಅಯಸ್ಕಾಂತಕ್ಕೂ ನಡುವೆ ಉಳಿಯುವ ಅಂತರ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಅದು ಹೆಚ್ಚದಂತೆ, ಕಡಿಮೆಯಾಗದಂತೆ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹೊಂದಿಸುತ್ತಿರಬೇಕು. ಇನ್ನೊಂದು ವಿಧಾನದಲ್ಲಿ ಅತಿವಾಹಕ ಅಯಸ್ಕಾಂತಗಳ ವಿಕರ್ಷಣ ಬಲ ಗಾಡಿಯನ್ನು ಸುಮಾರು ಹತ್ತು ಸೆಂಟಿಮೀಟರ್ ಎತ್ತುತ್ತದೆ.

ಮುಂದಕ್ಕೆ ತಳ್ಳುವ ಕೆಲಸ ರೇಖೀಯ ಮೋಟಾರಿನದು. ಸಾಮಾನ್ಯ ಮೋಟಾರನ್ನು ಸೀಳಿ ಚಾಪೆಯಂತೆ ಉದ್ದಕ್ಕೆ ಹಾಸಿದರೆ ಹೇಗೋ ಹಾಗೆ. ಉಜ್ಜುವ ಭಾಗಗಳು ಇಲ್ಲದ್ದರಿಂದ ಸವೆತ ಕಡಿಮೆ, ಸದ್ದು ಕಡಿಮೆ. ಶಾಂಘೈಯಲ್ಲಿ 2004ರಲ್ಲಿ ಸಾರ್ವಜನಿಕ ಸೇವೆ ಆರಂಭಿಸಿದ 30 ಕಿ.ಮೀ. ಉದ್ದದ ಮ್ಯಾಗ್ಲೆವ್ ಗಂಟೆಗೆ 431 ಕಿ.ಮೀ. ವೇಗವನ್ನೂ ಮುಟ್ಟಿತ್ತು. ಆದರೆ ಒಂದು ತೊಡಕಿದೆ. ಇಂಥ ಗಾಡಿ ತನಗಾಗಿ ಕಟ್ಟಿದ ಹಾದಿಯಲ್ಲಿ ಮಾತ್ರ ಓಡಬಲ್ಲದು. ಈಗಾಗಲೇ ಇರುವ ಹಳಿಗೆ ಅದು ಇಳಿಯಲಾರದು.

ಟೊರಾಂಟೊದ ಎರಡು ಯತ್ನ

1970ರ ದಶಕದ ಆರಂಭದಲ್ಲಿ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಹೊಸ ಹೆದ್ದಾರಿಗಳಿಗೆ ಬದಲಾಗಿ ಹೊಸ ಬಗೆಯ ಸಾರಿಗೆಯನ್ನು ಹುಡುಕುತ್ತಿತ್ತು. ಜರ್ಮನಿಯ ಕ್ರಾಸ್ ಮಫಾಯ್ ಕಂಪನಿಯ ಮ್ಯಾಗ್ಲೆವ್ ಆಯ್ಕೆಯಾಯಿತು. ನಗರದ ವಸ್ತುಪ್ರದರ್ಶನ ಮೈದಾನದಲ್ಲಿ ಪರೀಕ್ಷಾ ಹಾದಿಯ ಕೆಲಸವೂ ಆರಂಭವಾಯಿತು. 1974ರ ನವೆಂಬರಿನಲ್ಲಿ ಪಶ್ಚಿಮ ಜರ್ಮನಿ ಸರ್ಕಾರ ಹಣಕಾಸಿನ ನೆರವು ನಿಲ್ಲಿಸಿದ್ದರಿಂದ ಯೋಜನೆ ಅರ್ಧಕ್ಕೇ ನಿಂತಿತು. ಗಾಡಿ ತಯಾರಿಸುವವರು ಒಂದು ದೇಶದಲ್ಲಿ, ಹತ್ತುವವರು ಇನ್ನೊಂದು ದೇಶದಲ್ಲಿ ಇದ್ದದ್ದರ ಫಲವಿದು.

ಅದೇ 1974ರ ಆಗಸ್ಟಿನಲ್ಲಿ ಟೊರಾಂಟೊದ ಹೊಸ ಮೃಗಾಲಯ ತೆರೆದಿತ್ತು. ಅದರ ವಿಸ್ತಾರ ಸುಮಾರು 700 ಎಕರೆ. ಕಾಲ್ನಡಿಗೆಯಲ್ಲಿ ಸುತ್ತಿ ಮುಗಿಸುವಂಥದ್ದಲ್ಲ. ಹಾಗಾಗಿ 1976ರಿಂದ ಅಲ್ಲಿ ಒಂದು ಮೊನೊ ರೈಲು ಓಡತೊಡಗಿತು. 1994ರ ಜುಲೈನಲ್ಲಿ ಎರಡು ಗಾಡಿಗಳು ಡಿಕ್ಕಿಯಾಗಿ ಪ್ರಯಾಣಿಕರು ಗಾಯಗೊಂಡರು. ಅಲ್ಲಿಗೆ ಆ ಸೇವೆ ಮುಗಿಯಿತು. ಹಾದಿ ಮಾತ್ರ ಮರಗಿಡಗಳ ನಡುವೆ ಹಾಗೆಯೇ ಉಳಿಯಿತು.

ಎರಡು ದಶಕಗಳ ನಂತರ, 2010ರ ದಶಕದ ಮಧ್ಯಭಾಗದಲ್ಲಿ, ಎಡ್ಮಂಟನ್ ನಗರದ ಮ್ಯಾಗ್ನೊವೇಟ್ ಸಂಸ್ಥೆ ಈ ಹಳೆಯ ಹಾದಿಯ ಮೇಲೆ ಕಣ್ಣಿಟ್ಟಿತು. ಅಲ್ಲಿ ಮ್ಯಾಗ್ಲೆವ್ ಓಡಿಸಿದರೆ ಮೃಗಾಲಯಕ್ಕೆ ಒಂದು ಆಕರ್ಷಣೆ, ತನಗೆ ಒಂದು ಪ್ರದರ್ಶನ ಎಂಬುದು ಸಂಸ್ಥೆಯ ಲೆಕ್ಕಾಚಾರ. ಪ್ರಾಣಿ ನೋಡಲು ಬಂದವರು ಹತ್ತಿ ಇಳಿದರೆ, ನಾಳೆ ನಗರಗಳು ಕೊಳ್ಳಲು ಮುಂದೆ ಬಂದಾವು ಎಂಬ ನಿರೀಕ್ಷೆ. ಮೃಗಾಲಯದ ಆಡಳಿತ ಮಂಡಳಿ ಒಲವು ತೋರಿತು. ಆದರೆ ಗಾಡಿ ಬರಲಿಲ್ಲ. ಒಂದೇ ನಗರದಲ್ಲಿ ನಾಲ್ಕು ದಶಕಗಳ ಅಂತರದಲ್ಲಿ ಎರಡು ಸಲ ಮ್ಯಾಗ್ಲೆವ್ ಕನಸು ಕಂಡು, ಎರಡು ಸಲವೂ ಕೈಬಿಟ್ಟಂತಾಯಿತು.

ಮೃಗಾಲಯವೇ ಏಕೆ?

ಕಾರಣ ಸರಳ. ಹೊಸ ವಾಹನಕ್ಕೆ ಮೊದಲು ಬೇಕಾದದ್ದು ಜಾಗ. ಮೃಗಾಲಯದಲ್ಲಿ ಭೂಸ್ವಾಧೀನದ ರಗಳೆಯಿಲ್ಲ, ಜಮೀನು ಒಬ್ಬನೇ ಒಡೆಯನದು. ಹತ್ತಲು ಜನ ತಾವಾಗಿಯೇ ಬರುತ್ತಾರೆ, ಟಿಕೆಟಿಗೆ ದುಡ್ಡನ್ನೂ ಕೊಡುತ್ತಾರೆ. ಗಾಡಿ ಅರ್ಧ ದಿನ ಕೆಟ್ಟು ನಿಂತರೆ ಯಾರ ಸಂಬಳವೂ ಕಡಿತವಾಗುವುದಿಲ್ಲ. ಮಕ್ಕಳಿಗೆ ಬೇಸರವಾದೀತು, ಅಷ್ಟೇ.

ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡದ್ದು ಜಪಾನ್. 1957ರ ಡಿಸೆಂಬರ್ 17ರಂದು ಟೋಕಿಯೊದ ಉಎನೊ ಮೃಗಾಲಯದಲ್ಲಿ ಆ ದೇಶದ ಮೊದಲ ಮೊನೊ ರೈಲು ಓಡಿತು. ಸುಮಾರು 300 ಮೀಟರ್ ಹಾದಿ, ಎರಡೇ ನಿಲ್ದಾಣ. ಮೇಲಿನ ತೊಲೆಯಿಂದ ಬೋಗಿ ಜೋತು ಬಿದ್ದಿರುತ್ತಿತ್ತು. ಇದನ್ನು ಆಟಿಕೆ ರೈಲೆಂದು ತಿಳಿಯಬಾರದು. ರಸ್ತೆಯಲ್ಲಿ ವಾಹನಗಳ ದಟ್ಟಣೆ ಹೆಚ್ಚಿ ಟ್ರಾಮ್ ಸಾಗುವುದೇ ಕಷ್ಟವಾಗುತ್ತಿದ್ದ ದಿನಗಳಲ್ಲಿ, ಅದಕ್ಕೆ ಬದಲಿ ಹುಡುಕಲು ಟೋಕಿಯೊದ ಸಾರಿಗೆ ಇಲಾಖೆಯೇ ನಡೆಸಿದ ಪ್ರಯೋಗವಿದು. ಕಾನೂನಿನ ಪ್ರಕಾರವೂ ಅದು ರೈಲ್ವೆಯೇ ಆಗಿತ್ತು.

1962ರಲ್ಲಿ ಇನುಯಾಮಾದಲ್ಲಿ ಮೃಗಾಲಯಕ್ಕೆ ಹೋಗುವ ಒಂದೂಕಾಲು ಕಿ.ಮೀ. ಹಾದಿಯಲ್ಲಿ ಹಿಟಾಚಿ ಕಂಪನಿಯ ಮೊನೊ ರೈಲು ಬಂತು. ಇದು ತೊಲೆಯ ಮೇಲೆ ಕಾಲು ಚಾಚಿ ಕುಳಿತಂತೆ ಸಾಗುವ ಬಗೆ. 1964ರಲ್ಲಿ ನಗೋಯಾದ ಹಿಗಾಶಿಯಾಮಾ ಮೃಗಾಲಯದಲ್ಲಿ ಫ್ರಾನ್ಸಿನ ಸಫೇಜ್ ವಿಧಾನದ ಜೋತುಬೀಳುವ ರೈಲು ಬಂತು. ಹೀಗೆ ಏಳು ವರ್ಷಗಳೊಳಗೆ ಮೂರು ಬಗೆಯ ವಾಹನಗಳು ಪ್ರಾಣಿಗಳ ಸಾಕ್ಷಿಯಲ್ಲೇ ಪರೀಕ್ಷೆಗೆ ನಿಂತವು.

ಗೆದ್ದದ್ದು, ಸೋತದ್ದು

ಇನುಯಾಮಾದ ಅನುಭವ ಬೇಗ ಫಲ ಕೊಟ್ಟಿತು. 1964ರ ಸೆಪ್ಟೆಂಬರಿನಲ್ಲಿ, ಒಲಿಂಪಿಕ್ಸಿಗೆ ಕೆಲವೇ ವಾರ ಮೊದಲು, ಹನೇಡಾ ವಿಮಾನ ನಿಲ್ದಾಣಕ್ಕೆ ಟೋಕಿಯೊ ಮೊನೊ ರೈಲು ಆರಂಭವಾಯಿತು. ತಯಾರಕರು ಅದೇ ಹಿಟಾಚಿ. ಹಿಗಾಶಿಯಾಮಾದ ರೈಲು 1974ರಲ್ಲಿ ನಿಂತರೂ ಅದರ ವಿಧಾನ 1970ರಲ್ಲಿ ಶೋನಾನ್‌ಗೆ, 1988ರಲ್ಲಿ ಚಿಬಾ ನಗರಕ್ಕೆ ಬಂದಿತ್ತು. ಚಿಬಾ ಮಾರ್ಗದಲ್ಲಿ ಮೃಗಾಲಯದ ಹೆಸರಿನದೇ ಒಂದು ನಿಲ್ದಾಣ ಇರುವುದು ಸ್ವಾರಸ್ಯಕರ.

ಆದರೆ ಎಲ್ಲಕ್ಕಿಂತ ಮೊದಲು ಬಂದ ಉಎನೊದ ವಿಧಾನವನ್ನು ಬೇರಾವ ನಗರವೂ ಕೈಗೆತ್ತಿಕೊಳ್ಳಲಿಲ್ಲ. ಅರವತ್ತು ವರ್ಷ ಅದು ಒಂಟಿಯಾಗಿಯೇ ಓಡಿತು. ಬೋಗಿಗಳು ಹಳತಾದವು. ಹೊಸ ಬೋಗಿ ಬೇಕೆಂದರೆ ಅದೊಂದೇ ಮಾರ್ಗಕ್ಕಾಗಿ ವಿಶೇಷವಾಗಿ ತಯಾರಿಸಬೇಕು, ಖರ್ಚು ವಿಪರೀತ. 2019ರ ನವೆಂಬರ್ 1ರಂದು ಸಂಚಾರ ನಿಂತಿತು. 2023ರ ಡಿಸೆಂಬರಿನಲ್ಲಿ ಮಾರ್ಗವನ್ನು ಅಧಿಕೃತವಾಗಿ ಮುಚ್ಚಲಾಯಿತು.

ಮ್ಯಾಗ್ಲೆವ್‌ಗಳ ಕಥೆಯೂ ಇದೇ. 1984ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ 600 ಮೀಟರ್ ಓಡಿದ ಗಾಡಿ ಜಗತ್ತಿನ ಮೊದಲ ವಾಣಿಜ್ಯ ಮ್ಯಾಗ್ಲೆವ್. ಬಿಡಿಭಾಗ ಸಿಗದೆ 1995ರಲ್ಲಿ ಅದು ನಿಂತಿತು. ಬರ್ಲಿನ್‌ನಲ್ಲಿ ಗೋಡೆಯಿಂದಾಗಿ ತುಂಡಾಗಿದ್ದ ಸುರಂಗ ರೈಲಿನ ಜಾಗದಲ್ಲಿ 1.6 ಕಿ.ಮೀ. ಮ್ಯಾಗ್ಲೆವ್ ಕಟ್ಟಿ, 1989ರ ಆಗಸ್ಟಿನಲ್ಲಿ ಜನರನ್ನು ಹತ್ತಿಸಿಕೊಂಡರು. ಮೂರೇ ತಿಂಗಳಲ್ಲಿ ಗೋಡೆ ಬಿತ್ತು. ಹಳೆಯ ರೈಲು ಮಾರ್ಗವನ್ನು ಮತ್ತೆ ಜೋಡಿಸಲು 1991ರಲ್ಲಿ ಮ್ಯಾಗ್ಲೆವ್ ಸೇವೆಯನ್ನು ನಿಲ್ಲಿಸಿ, ಹಾದಿಯನ್ನು ಕಳಚಿ ಹಾಕಿದರು. ಯಂತ್ರದಲ್ಲಿ ದೋಷವಿದ್ದು ಹೀಗಾದದ್ದಲ್ಲ. ಊರಿಗೆ ಬೇಕಾದದ್ದು ಬೇರೆಯಾಗಿತ್ತು. ಇದಕ್ಕೆ ಅಪವಾದವಾಗಿ ನಗೋಯಾದ ಹೊರವಲಯದಲ್ಲಿ 2005ರಲ್ಲಿ ಆರಂಭವಾದ ಲಿನಿಮೊ ಮ್ಯಾಗ್ಲೆವ್ ಊರಿನ ಮಾರ್ಗವಾಗಿಯೇ ನೆಲೆ ನಿಂತಿತು. ಅದರ ಹಿಂದೆ ಎರಡು ದಶಕಗಳಿಗೂ ಮೀರಿದ ನಿರಂತರ ಪರೀಕ್ಷೆಯಿತ್ತು ಎಂಬುದನ್ನು ಮರೆಯಬಾರದು.

ನಮ್ಮ ಪಾಲಿನ ಪಾಠ

ಭಾರತದಲ್ಲಿ ಉಎನೊದ ರೈಲಿಗೆ ಹತ್ತಿರದ್ದೆಂದರೆ ಕೊಂಕಣ ರೈಲ್ವೆಯ ಸ್ಕೈಬಸ್. ಕಾರವಾರ, ಉಡುಪಿಗಳ ಮೂಲಕ ನಮ್ಮ ಕರಾವಳಿಯನ್ನು ಹಾಯುವ ಅದೇ ಸಂಸ್ಥೆ ಗೋವಾದ ಮಡಗಾಂವ್‌ನಲ್ಲಿ ಜೋತುಬೀಳುವ ಬೋಗಿಯ ಪರೀಕ್ಷೆ ನಡೆಸಿತು. 2004ರ ಸೆಪ್ಟೆಂಬರ್ 25ರಂದು ಬೋಗಿ ಕಂಬಕ್ಕೆ ಬಡಿದು ನೌಕರರೊಬ್ಬರು ಸತ್ತರು. 2013ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಮುಂಬೈಯಲ್ಲಿ 2014ರಲ್ಲಿ ಓಡತೊಡಗಿದ ಮೊನೊ ರೈಲು ಮಲೇಷ್ಯಾದ ಒಂದು ಕಂಪನಿಯನ್ನು ನೆಚ್ಚಿಕೊಂಡಿತ್ತು. ಆ ಗುತ್ತಿಗೆ ರದ್ದಾದ ಮೇಲೆ ಬಿಡಿಭಾಗಗಳಿಗೆ ಪರದಾಡಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ನವೀಕರಣಕ್ಕೆಂದು ಸಂಚಾರವನ್ನೇ ನಿಲ್ಲಿಸಲಾಯಿತು.

ಬೆಂಗಳೂರು 1990ರ ದಶಕವಿಡೀ ಎತ್ತರಿಸಿದ ಲಘು ರೈಲಿನ ಚರ್ಚೆಯಲ್ಲೇ ಕಳೆಯಿತು. ಅದಕ್ಕಾಗಿ 1994ರಲ್ಲಿ ಕಂಪನಿಯನ್ನು ಕಟ್ಟಿದರೂ ಹಳಿ ಬೀಳಲಿಲ್ಲ. ಕೊನೆಗೆ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ಮೆಟ್ರೊ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರದ ಗಾಡಿ. ಜಗತ್ತಿನ ಹತ್ತಾರು ಕಡೆ ತಯಾರಾಗುವ, ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆಯಲ್ಲೂ ಕಟ್ಟಬಹುದಾದ ಬಗೆ. ಅಂಥದ್ದಕ್ಕೂ ಬೋಗಿಯ ಕೊರತೆ ತಪ್ಪಲಿಲ್ಲ. ಬೊಮ್ಮಸಂದ್ರದ ಹಳದಿ ಮಾರ್ಗದಲ್ಲಿ ಹಳಿ ಸಿದ್ಧವಿದ್ದರೂ ಬೋಗಿಗೆ ಕಾದು ಕಾದು 2025ರ ಆಗಸ್ಟಿನಲ್ಲಿ ಮೂರೇ ರೈಲುಗಳೊಂದಿಗೆ ಸೇವೆ ಆರಂಭಿಸಬೇಕಾಯಿತು. ಸಾಮಾನ್ಯ ತಂತ್ರಕ್ಕೇ ಹೀಗಾದರೆ, ಒಬ್ಬನೇ ತಯಾರಕನಿರುವ ತಂತ್ರದ ಪಾಡೇನು?

ಒಂಟಿ ಹಾದಿಯ ಸಂಕಟ ನಮ್ಮ ಸೀಮೆಗೆ ಹೊಸದೇನಲ್ಲ. ಕೋಲಾರ-ಚಿಕ್ಕಬಳ್ಳಾಪುರ ಮಾರ್ಗ ದಶಕಗಳ ಕಾಲ 762 ಮಿ.ಮೀ. ಅಗಲದ ನ್ಯಾರೋಗೇಜ್ ಆಗಿತ್ತು. ಅದರ ಬೋಗಿ ಬೇರೆ ಹಳಿಗೆ ಹತ್ತುವಂತಿರಲಿಲ್ಲ. ಆ ಹಾದಿ ಬ್ರಾಡ್‌ಗೇಜ್ ಆಗಿ ದೇಶದ ಉಳಿದ ಹಳಿಗಳೊಂದಿಗೆ ಕೂಡಿಕೊಂಡದ್ದು 2013ರಲ್ಲಿ. ತೊಂಡೇಬಾವಿಯ ಮೂಲಕ ಸಾಗುವ ಮಾರ್ಗವೂ ಮೀಟರ್‌ಗೇಜ್ ಆಗಿದ್ದು, ಬ್ರಾಡ್‌ಗೇಜ್ ಆದ ಮೇಲೆಯೇ ದೂರದ ರೈಲುಗಳು ಅದರ ಮೇಲೆ ನೇರವಾಗಿ ಹಾಯತೊಡಗಿದ್ದು.

ಮೃಗಾಲಯದ ಪರೀಕ್ಷೆಯಿಂದ ಗಾಡಿ ಏಳುತ್ತದೆಯೇ, ಓಡುತ್ತದೆಯೇ, ನಿಲ್ಲುತ್ತದೆಯೇ ಎಂಬುದು ಗೊತ್ತಾಗುತ್ತದೆ. ಅದು ಬೇಕಾದದ್ದೇ, ಇನುಯಾಮಾ ಅದನ್ನು ತೋರಿಸಿಕೊಟ್ಟಿದೆ. ಆದರೆ ಮೂವತ್ತು ವರ್ಷದ ನಂತರ ಬಿಡಿಭಾಗ ಕೊಡುವವರು ಯಾರು, ಪಕ್ಕದ ಹಳಿಯಿಂದ ಇಳಿದವರು ಇದನ್ನು ಹತ್ತಬಲ್ಲರೇ, ಬೆಳಗಿನ ಎಂಟು ಗಂಟೆಯ ನೂಕುನುಗ್ಗಲನ್ನು ಇದು ತಾಳೀತೇ ಎಂಬುದಕ್ಕೆ ಮೃಗಾಲಯದಲ್ಲಿ ಉತ್ತರ ಸಿಗುವುದಿಲ್ಲ. ಹೊಸ ವಾಹನದ ಬಣ್ಣದ ಚಿತ್ರ ಹಿಡಿದು ಯಾರೇ ಬಂದರೂ ಈ ಮೂರು ಪ್ರಶ್ನೆಗಳನ್ನು ಮೊದಲು ಕೇಳುವುದು ಒಳ್ಳೆಯದು. ಅವರು ಉತ್ತರ ಹುಡುಕುವಷ್ಟು ಹೊತ್ತಿಗೆ ಗೌರಿಬಿದನೂರಿನ ಮಾಮೂಲಿ ರೈಲಿಗೆ ಇನ್ನೆರಡು ಬೋಗಿ ಸೇರಿಸಿದರೂ ನೂರಾರು ಜನರಿಗೆ ಕುಳಿತುಕೊಳ್ಳಲು ಜಾಗ ಸಿಕ್ಕೀತು.